ಕ್ಲಾಸಿಕಲ್ ಗಿಟಾರ್ ಅಭ್ಯಾಸ: ನುಡಿಸುವ ಸ್ವರಕ್ಕೆ ಭಾವ ತುಂಬುವುದು ಹೇಗೆ?

"ಸ್ವರ ತಪ್ಪುವುದಿಲ್ಲ, ಲಯವೂ ಕೆಡುವುದಿಲ್ಲ. ಆದರೂ ನುಡಿಸಿದ್ದು ಒಣಒಣ ಅನಿಸುತ್ತದೆ, ಏನು ಮಾಡಲಿ?" ಕ್ಲಾಸಿಕಲ್ ಗಿಟಾರ್ ಕಲಿಯಲು ತೊಡಗಿ ಒಂದೆರಡು ವರ್ಷವಾದವರು ಪದೇ ಪದೇ ಕೇಳುವ ಪ್ರಶ್ನೆ ಇದು. "ಮನಸ್ಸಿಟ್ಟು ನುಡಿಸಿ", "ಅನುಭವಿಸಿ ನುಡಿಸಿ" ಎಂಬ ಉತ್ತರವೇ ಹೆಚ್ಚಾಗಿ ಸಿಗುತ್ತದೆ. ಸಲಹೆ ಸುಳ್ಳಲ್ಲ. ಆದರೆ ನಾಳೆ ಬೆಳಿಗ್ಗೆ ಗಿಟಾರ್ ಎತ್ತಿಕೊಂಡಾಗ ಯಾವ ಬೆರಳು ಏನು ಮಾಡಬೇಕು ಎಂಬುದು ಅದರಿಂದ ತಿಳಿಯುವುದಿಲ್ಲ.

ಸ್ವರಗಳನ್ನು ಮೊದಲು ಕಲಿತು, ಭಾವ ಕೊನೆಗೆ ತಾನಾಗಿ ಬರಲಿ ಎಂದು ಕಾಯುವುದರಲ್ಲೇ ತೊಂದರೆಯ ಬೇರಿದೆ. ಭಾವ ಮೊದಲು ನಿಮ್ಮ ಗಂಟಲಲ್ಲಿ, ಕಿವಿಯಲ್ಲಿ ಹುಟ್ಟಬೇಕು. ಅಲ್ಲಿಂದ ಅದು "ಈ ಸ್ವರ ಮೆದು, ಇದು ಜೋರು, ಇಲ್ಲಿ ತುಸು ಕಾಯಬೇಕು, ಇಲ್ಲಿ ನಾದ ಮಂದವಾಗಬೇಕು" ಎಂಬ ತೀರ್ಮಾನಗಳಾಗಿ ಕೈಗೆ ಇಳಿಯಬೇಕು. ಯಾವ ಸ್ವರಕ್ಕೆ ಯಾವ ಬೆರಳು ಎಂಬುದನ್ನು ಹೇಗೆ ಅಭ್ಯಾಸ ಮಾಡುತ್ತೀರೋ ಹಾಗೆಯೇ ಈ ತೀರ್ಮಾನಗಳನ್ನೂ ಮೊದಲ ದಿನದಿಂದ ಅಭ್ಯಾಸ ಮಾಡಬೇಕು. ಅದನ್ನು ಮಾಡುವ ಕ್ರಮವೇ ಮುಂದಿನ ಹಂತಗಳು.

ಏನೇನು ಬೇಕು

ಮೊದಲಿಗೆ, ಜೀವವಿರುವ ತಂತಿಗಳು. ಗಿಟಾರಿನ 4, 5, 6ನೇ ತಂತಿಗಳು ನೈಲಾನ್ ಎಳೆಗಳ ಮೇಲೆ ಲೋಹದ ಸಣ್ಣ ತಂತಿ ಸುತ್ತಿ ಮಾಡಿದಂಥವು. ಬೆವರು, ಕೊಳೆ ಸೇರಿ ಮೊದಲು ಮಂಕಾಗುವುದು ಇವೇ. ಮಂಕಾದ ತಂತಿಯಲ್ಲಿ ನೀವು ನಾದವನ್ನು ಎಷ್ಟು ಬದಲಿಸಿದರೂ ಕೇಳಿಸುವುದಿಲ್ಲ. ಬಲಗೈ ಉಗುರುಗಳ ಅಂಚನ್ನು ಉಜ್ಜಿ ನುಣುಪು ಮಾಡಿಕೊಳ್ಳಿ. ಅಂಚು ಒರಟಾಗಿದ್ದರೆ ಮೆದುವಾಗಿ ಮೀಟಿದರೂ ಕೆರೆದ ಸದ್ದು ಬರುತ್ತದೆ.

ನೊಟೇಶನ್‌ನ ಎರಡು ಪ್ರತಿಗಳಿರಲಿ: ಒಂದು ಗುರುತು ಹಾಕಲು, ಇನ್ನೊಂದು ಖಾಲಿ ಇಡಲು. ಖಾಲಿ ಪ್ರತಿ 7ನೇ ಹಂತದಲ್ಲಿ ಬೇಕಾಗುತ್ತದೆ. ಪೆನ್ಸಿಲ್, ಮೆಟ್ರೊನೋಮ್ (ಲಯಕ್ಕೆ ಸಮನಾಗಿ ಟಿಕ್ ಟಿಕ್ ಹೊಡೆತ ಕೊಡುವ ಸಾಧನ), ಫೋನಿನ ರೆಕಾರ್ಡರ್ ಸಾಕು. ರೆಕಾರ್ಡರ್ ಬಗ್ಗೆ ಒಂದು ಎಚ್ಚರಿಕೆ: ಮಾತು ದಾಖಲಿಸಲು ಮಾಡಿದ ಹಲವು ಆ್ಯಪ್‌ಗಳು ಜೋರಿನ ಸದ್ದನ್ನು ತಾವೇ ತಗ್ಗಿಸಿ, ಮೆದು ಸದ್ದನ್ನು ತಾವೇ ಏರಿಸುತ್ತವೆ. ಆಗ ನೀವು ಚೆನ್ನಾಗಿ ನುಡಿಸಿದ್ದರೂ ಎಲ್ಲ ಒಂದೇ ಮಟ್ಟದಲ್ಲಿ ಕೇಳುತ್ತದೆ. ಸೆಟ್ಟಿಂಗ್‌ನಲ್ಲಿ ಸದ್ದನ್ನು ತಾನಾಗಿ ಸರಿಹೊಂದಿಸುವ ಆಯ್ಕೆ ಇದ್ದರೆ ಅದನ್ನು ಮುಚ್ಚಿ, ಫೋನನ್ನು ಒಂದೂವರೆ ಎರಡು ಮೀಟರ್ ದೂರದಲ್ಲಿಡಿ.

ಮುಂದೆ ಬರುವ ಮೂರು ಪದಗಳು: ಬಾರ್ ಎಂದರೆ ನೊಟೇಶನ್‌ನಲ್ಲಿ ಎರಡು ಉದ್ದಗೆರೆಗಳ ನಡುವಿನ ಭಾಗ. ಫ್ರೇಸ್ ಎಂದರೆ ಒಂದೇ ಉಸಿರಿಗೆ ಹಾಡಬಹುದಾದ ಸ್ವರಗಳ ಸಾಲು. ಬಾರೆ ಎಂದರೆ ಎಡಗೈ ತೋರುಬೆರಳನ್ನು ಅಡ್ಡಲಾಗಿಟ್ಟು ಒಂದೇ ಫ್ರೆಟ್‌ನ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಪಟ್ಟಿಗಳು ಗುರುತಿಸುವ ಮನೆಯ) ಹಲವು ತಂತಿಗಳನ್ನು ಒತ್ತುವುದು.

ಹಂತ 1: ಕೈಗೆ ಹಗುರವಾದ ಕೃತಿ ಹಿಡಿಯಿರಿ

ನೀವು ಈಗ ಕಷ್ಟಪಟ್ಟು ಕಲಿಯುತ್ತಿರುವ ಕೃತಿ ಇದಕ್ಕೆ ಬೇಡ. ಮುಂದಿನ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಸಿಗುತ್ತದೋ ಇಲ್ಲವೋ ಎಂಬ ಆತಂಕದಲ್ಲಿರುವಾಗ ಗಮನವೆಲ್ಲ ಬೆರಳಿನಲ್ಲೇ ಇರುತ್ತದೆ, ನಾದವನ್ನು ಕೇಳಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ. ನಿಮ್ಮ ಮಟ್ಟಕ್ಕಿಂತ ಒಂದೆರಡು ಮೆಟ್ಟಿಲು ಕೆಳಗಿನ, 16ರಿಂದ 32 ಬಾರ್‌ಗಳ ಕೃತಿ ಸಾಕು. ಅಸಲಿ ವೇಗದ ಮೂರನೇ ಎರಡು ಭಾಗದಲ್ಲಿ ಎಲ್ಲೂ ನಿಲ್ಲದೆ ಮೂರು ಸಲ ನುಡಿಸಲು ಬಂದರೆ ಆ ಕೃತಿ ನಿಮಗೆ ಸರಿ.

ಇಲ್ಲಿ ಉದಾಹರಣೆಗೆ 'ರೊಮಾನ್ಸ್' ಎಂದು ಹೆಸರಾದ ಅನಾಮಿಕ ಕೃತಿಯನ್ನು ಬಳಸುತ್ತೇವೆ. ಬಹುತೇಕ ವಿದ್ಯಾರ್ಥಿಗಳ ಕೈಗೆ ಅದು ಬಂದೇ ಇರುತ್ತದೆ. ಇ ಮೈನರ್‌ನಲ್ಲಿರುವ ಅದರ ಮೊದಲ ಭಾಗ 16 ಬಾರ್. ಬಾರಿಗೆ ಮೂರು ಎಣಿಕೆ, ಪ್ರತಿ ಎಣಿಕೆಗೆ ಮೂರು ಸ್ವರ. ಮೂರರಲ್ಲಿ ಮೊದಲನೆಯದು ಮೆಲಡಿ, ಅಂದರೆ ಹಾಡಿನ ಮುಖ್ಯ ಸಾಲು, 1ನೇ ತಂತಿಯಲ್ಲಿ, ಉಂಗುರ ಬೆರಳಿನಿಂದ. ಉಳಿದೆರಡು ಅದಕ್ಕೆ ಜೊತೆ ಕೊಡುವ ಸ್ವರಗಳು. ಬಾರಿನ ಮೊದಲ ಎಣಿಕೆಯಲ್ಲಿ ಹೆಬ್ಬೆರಳು ಬೇಸ್, ಅಂದರೆ ಅತಿ ಕೆಳಗಿನ ಸ್ವರವನ್ನು, ಮೀಟುತ್ತದೆ. ಇದು ಬೇಡವೆಂದರೆ ಫರ್ನಾಂಡೊ ಸೋರ್ (1778–1839) ಬರೆದ ಬಿ ಮೈನರ್‌ನ ಅಭ್ಯಾಸ ಕೃತಿ, ಓಪಸ್ 35ರ 22ನೆಯದು, ಇದೇ ಕೆಲಸಕ್ಕೆ ಬಹಳ ಒಳ್ಳೆಯದು.

ಹಂತ 2: ಗಿಟಾರ್ ಬದಿಗಿಟ್ಟು ಹಾಡಿ

ಬಹಳ ಜನ ಬಿಟ್ಟುಬಿಡುವ ಹಂತ ಇದು. ದಯವಿಟ್ಟು ಬಿಡಬೇಡಿ, ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಗಿಟಾರಿನ ಸ್ವರ ಮೀಟಿದ ಕ್ಷಣದಿಂದಲೇ ಸಾಯಲು ತೊಡಗುತ್ತದೆ. ಪಿಟೀಲಿನಂತೆ, ಕೊಳಲಿನಂತೆ ಒಂದೇ ಸ್ವರವನ್ನು ಹಿಡಿದು ಉಬ್ಬಿಸಲು ಗಿಟಾರಿನಲ್ಲಿ ಬರುವುದಿಲ್ಲ. ಹಾಗಾಗಿ ಗಿಟಾರ್ ನುಡಿಸುವವರಿಗೆ ಸ್ವರಗಳು ಬಿಡಿಬಿಡಿಯಾಗಿ ಕೇಳುವ ಅಭ್ಯಾಸವಾಗಿಬಿಡುತ್ತದೆ. ಗಂಟಲು ಆ ಅಭ್ಯಾಸವನ್ನು ಮುರಿಯುತ್ತದೆ. ಹಾಡುವಾಗ ನೀವು ಒಂದು ಸ್ವರದಿಂದ ಇನ್ನೊಂದಕ್ಕೆ ತಾನಾಗಿ ಜಾರುತ್ತೀರಿ, ಏರುವಾಗ ಒತ್ತು ಕೊಡುತ್ತೀರಿ, ಇಳಿಯುವಾಗ ಸಡಿಲಿಸುತ್ತೀರಿ. ಆ ಏರಿಳಿತವೇ ನಿಮಗೆ ಬೇಕಾದದ್ದು.

ಮೆಲಡಿಯನ್ನು ಮಾತ್ರ "ಲಾ" ಎಂದೋ "ನಾ" ಎಂದೋ ಹಾಡಿ. ಕಂಠ ಚೆನ್ನಾಗಿರಬೇಕಿಲ್ಲ. ಸ್ವರ ಎತ್ತರವಾದರೆ ಒಂದು ಸ್ಥಾಯಿ ಕೆಳಗೆ ಹಾಡಿ. ಮೊದಲು ಹಾಡುತ್ತಾ ಮೆಲಡಿಯನ್ನಷ್ಟೇ ನುಡಿಸಿ ಶ್ರುತಿ ಖಚಿತ ಮಾಡಿಕೊಳ್ಳಿ, ಆಮೇಲೆ ಗಿಟಾರ್ ಕೆಳಗಿಟ್ಟು ಹಾಡಿ. ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರೋ ಅಲ್ಲಿ ನೊಟೇಶನ್ ಮೇಲೆ ಅಲ್ಪವಿರಾಮ ಹಾಕಿ.

ಉದಾಹರಣೆಗೆ ರೊಮಾನ್ಸ್‌ನ 3ನೇ ಬಾರ್ ಇಳಿದು ಖಾಲಿ ತಂತಿಯ (ಎಡಗೈ ಒತ್ತದೆ ಮೀಟುವ ತಂತಿಯ) ಇ ಸ್ವರಕ್ಕೆ ಬರುತ್ತದೆ. 4ನೇ ಬಾರ್ ಅದೇ ಇ ಯಿಂದ ಹೊರಟು 3ನೇ ಫ್ರೆಟ್, 7ನೇ ಫ್ರೆಟ್ ಹತ್ತಿ, 5ನೇ ಬಾರಿನಲ್ಲಿ 12ನೇ ಫ್ರೆಟ್ ಮುಟ್ಟುತ್ತದೆ. ಉಸಿರು ಎಲ್ಲಿ? 4ನೇ ಬಾರಿನ ಮುಂಚೆ ತೆಗೆದುಕೊಂಡರೆ ಆ ಮೂರು ಸ್ವರಗಳು ಮುಂದಿನ ಫ್ರೇಸಿನ ಮೆಟ್ಟಿಲಾಗುತ್ತವೆ. 5ನೇ ಬಾರಿನ ಮುಂಚೆ ತೆಗೆದುಕೊಂಡರೆ ಮೊದಲ ಫ್ರೇಸ್ ಒಂದು ಪ್ರಶ್ನೆಯ ಹಾಗೆ ಮೇಲಕ್ಕೆದ್ದು ನಿಲ್ಲುತ್ತದೆ. ಎರಡನ್ನೂ ಹಾಡಿ ನೋಡಿ, ಒಂದನ್ನು ಆರಿಸಿ. ಹೀಗೆ ಆರಿಸಿದ ಕ್ಷಣದಿಂದ ಕೃತಿ ನಿಮ್ಮದಾಗಲು ತೊಡಗುತ್ತದೆ.

ಮೆಲಡಿ ಬಾಯಿಗೆ ಬಂದ ಮೇಲೆ ಬೇಸ್ ಸಾಲನ್ನೂ ಒಂದು ಸಲ ಹಾಡಿ. ಬೇಸ್ ಬದಲಾಗುವ ಕಡೆಯಲ್ಲೇ ಬೆಳಕು ಬದಲಾಗುತ್ತದೆ.

ಹಂತ 3: ಬಿಗಿ ಎಲ್ಲಿ, ಬಿಡುಗಡೆ ಎಲ್ಲಿ ಎಂದು ಹುಡುಕಿ

ಪ್ರತಿ ಫ್ರೇಸಿಗೂ ಒಂದು ತುದಿ ಇರುತ್ತದೆ. ಉಳಿದ ಸ್ವರಗಳು ಅದರತ್ತ ಹೋಗುತ್ತಿರುತ್ತವೆ ಇಲ್ಲವೇ ಅದರಿಂದ ಹಿಂತಿರುಗುತ್ತಿರುತ್ತವೆ. ತುದಿಯ ಸ್ವರಕ್ಕೆ ಸುತ್ತು ಹಾಕಿ.

ಬಹಳಷ್ಟು ಜನ ಅತಿ ಎತ್ತರದ ಸ್ವರಕ್ಕೇ ಸುತ್ತು ಹಾಕುತ್ತಾರೆ. ಕೆಲವೊಮ್ಮೆ ಸರಿ, ಕೆಲವೊಮ್ಮೆ ತಪ್ಪು. ರೊಮಾನ್ಸ್‌ನ ಈ ಭಾಗದಲ್ಲಿ ಅತಿ ಎತ್ತರದ ಸ್ವರ 5ನೇ ಬಾರಿನ 12ನೇ ಫ್ರೆಟ್. ಆದರೆ ಆಗ ಕೆಳಗೆ ಮೊಳಗುತ್ತಿರುವುದು ಇನ್ನೂ ಅದೇ ಇ ಮೈನರ್, ಅಂದರೆ ಕೃತಿ ಹೊರಟ ಮನೆಯೊಳಗೇ ಇದ್ದೀರಿ. 7 ಮತ್ತು 8ನೇ ಬಾರಿನಲ್ಲಿ ಎ ಮೈನರ್ ಬರುತ್ತದೆ, 9 ಮತ್ತು 10ರಲ್ಲಿ ಬಿ 7 ಕಾರ್ಡ್. ಮನೆಗೆ ಹಿಂತಿರುಗಲೇಬೇಕು ಎಂದು ಎಳೆಯುವ ಕಾರ್ಡ್ ಅದು. 10ನೇ ಬಾರಿನಲ್ಲಿ ಮೆಲಡಿ 11ನೇ ಫ್ರೆಟ್‌ನ ಡಿ ಶಾರ್ಪ್‌ಗೆ ಹಾರಿ, ಅಲ್ಲಿಂದ ಮೂರು ಫ್ರೆಟ್ ಕೆಳಗಿನ ಸಿ ಗೆ ಬೀಳುತ್ತದೆ. ಆ ಸಿ ಕೆಳಗಿನ ಬೇಸಿಗೆ ಒಗ್ಗದ ಸ್ವರ. ಕೂಡಲೇ ಒಂದು ಫ್ರೆಟ್ ಇಳಿದು ಬಿ ಗೆ ಬಂದಾಗ ಬಿಡುಗಡೆ. 16 ಬಾರ್‌ಗಳಲ್ಲಿ ಅತ್ಯಂತ ಬಿಗಿಯಾದ ಜಾಗ ಇದೇ ಎಂಬುದು ನಮ್ಮ ಅಭಿಪ್ರಾಯ. 5ನೇ ಬಾರಿನಲ್ಲೇ ಎಲ್ಲವನ್ನೂ ಸುರಿದರೆ ಇಲ್ಲಿಗೆ ಏನೂ ಉಳಿಯುವುದಿಲ್ಲ.

ಕಾರ್ಡ್‌ಗಳ ಹೆಸರು ನಿಮಗೆ ಗೊತ್ತಿಲ್ಲದಿದ್ದರೂ ಈ ಹುಡುಕಾಟ ಸಾಧ್ಯ. ಪ್ರತಿ ಬಾರಿನ ಎಲ್ಲ ಸ್ವರಗಳನ್ನು ಒಟ್ಟಿಗೆ ಒಂದು ಕಾರ್ಡ್ ಆಗಿ ಮೀಟಿ, ಮೂರು ಎಣಿಕೆ ಕೇಳಿ. "ಇಲ್ಲಿ ನಿಲ್ಲಬಹುದೇ?" ಎಂದು ಕೇಳಿಕೊಳ್ಳಿ. ನಿಲ್ಲಬಹುದು ಎನಿಸಿದರೆ ಬಿಡುಗಡೆ, ಮುಂದೆ ಹೋಗಲೇಬೇಕು ಎನಿಸಿದರೆ ಬಿಗಿ. ಬಿಗಿಯಾದ ಬಾರಿನ ಕೆಳಗೆ ಗೆರೆ ಎಳೆಯಿರಿ.

ಹಂತ 4: ಭಾವಕ್ಕೆ ಖಚಿತವಾದ ಹೆಸರು ಕೊಡಿ

"ದುಃಖ" ಎಂದು ಬರೆದರೆ ಕೈಗೆ ಏನೂ ತಿಳಿಯುವುದಿಲ್ಲ. ಬಂದ ಅಳುವನ್ನು ತಡೆದುಕೊಂಡದ್ದೇ, ಬೇಡಿಕೊಳ್ಳುವುದೇ, ಮುನಿಸೇ, ಮುಗಿದುಹೋದದ್ದನ್ನು ಸಮಾಧಾನದಿಂದ ನೆನೆಯುವುದೇ? ತಡೆದುಕೊಂಡ ಅಳುವಿಗೆ ಮೆದು ದನಿ, ಕಟ್ಟುನಿಟ್ಟಿನ ಲಯ ಬೇಕು. ಬೇಡಿಕೆಗೆ ಏರುವ ಸ್ವರಗಳಲ್ಲಿ ಒತ್ತಡ ಬೇಕು. ಮುನಿಸಿಗೆ ಚೂಪಾದ ನಾದ. ಪ್ರತಿ ಫ್ರೇಸಿಗೆ ಎರಡು ಮೂರು ಪದ ಮಾತ್ರ ಬರೆಯಿರಿ, ಪಕ್ಕದ ಫ್ರೇಸಿಗೆ ಅದೇ ಪದ ಬೇಡ.

ಮರಳಿ ಬರುವ ಭಾಗಗಳ ಬಗ್ಗೆ ಇಲ್ಲಿಯೇ ತೀರ್ಮಾನಿಸಿ. ಫ್ರಾನ್ಸಿಸ್ಕೊ ತಾರೆಗಾ (1852–1909) ಅವರ 'ಲಾಗ್ರಿಮಾ' ಇ ಮೇಜರ್‌ನಲ್ಲಿ ಶುರುವಾಗಿ, ನಡುವೆ ಇ ಮೈನರ್‌ಗೆ ಹೊರಳಿ, ಮತ್ತೆ ಮೊದಲ ಭಾಗಕ್ಕೆ ಬರುತ್ತದೆ. ಸ್ವರಗಳು ಅವೇ, ಆದರೆ ಕೇಳುವವರು ಈಗ ಮೈನರ್ ಭಾಗವನ್ನು ದಾಟಿ ಬಂದಿದ್ದಾರೆ. ಎರಡನೇ ಸಲ ಅದು ಹೆಚ್ಚು ಮೆದುವೇ, ಹೆಚ್ಚು ನಿಧಾನವೇ, ನಾದ ಬೇರೆಯೇ? ಏನನ್ನೂ ಬದಲಿಸದೆ ನುಡಿಸಿದರೆ ನಡುವಿನ ಭಾಗ ನಡೆದೇ ಇಲ್ಲವೇನೋ ಅನಿಸುತ್ತದೆ.

ಹಂತ 5: ಮೆಲಡಿಯನ್ನು ಜೊತೆಸ್ವರಗಳಿಂದ ಮೇಲೆತ್ತಿ

"ಭಾವ ಬರುತ್ತಿಲ್ಲ" ಎನ್ನುವ ರೆಕಾರ್ಡಿಂಗ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷವೆಂದರೆ ಮೂರು ಸಾಲುಗಳೂ ಒಂದೇ ಗಟ್ಟಿಯಲ್ಲಿರುವುದು. ಹೆಬ್ಬೆರಳಿಗೆ ಬಲ ಜಾಸ್ತಿ, ಉಂಗುರ ಬೆರಳಿಗೆ ಕಡಿಮೆ. ಏನೂ ಯೋಚಿಸದೆ ನುಡಿಸಿದರೆ ಬೇಸ್ ಗುಡುಗುತ್ತದೆ, ಮೆಲಡಿ ಅಡಗುತ್ತದೆ.

ಅಭ್ಯಾಸ ಹೀಗೆ, ನಾಲ್ಕು ಬಾರ್‌ಗಳನ್ನು ಮಾತ್ರ ಹಿಡಿದು:

1. ಮೆಲಡಿಯನ್ನಷ್ಟೇ, ಕೃತಿಯಲ್ಲಿ ಬಳಸುವ ಬೆರಳಿನಿಂದಲೇ ನುಡಿಸಿ. ನೀವು ಹಾಡಿದ ಏರಿಳಿತ ಬರುವವರೆಗೆ ಮುಂದೆ ಹೋಗಬೇಡಿ.
2. ಮೆಲಡಿಯನ್ನು ಸದ್ದಾಗಿ ನುಡಿಸಿ, ಜೊತೆಸ್ವರಗಳ ಜಾಗದಲ್ಲಿ ತೋರುಬೆರಳು ಮತ್ತು ಮಧ್ಯದ ಬೆರಳು ತಂತಿಯನ್ನು ಸದ್ದಿಲ್ಲದೆ ಮುಟ್ಟಲಿ.
3. ಈಗ ಅವೇ ಬೆರಳುಗಳು ಕೇಳಿಸಿಯೂ ಕೇಳಿಸದಷ್ಟು ಮೀಟಲಿ.
4. ಕೊನೆಗೆ ಬೇಸ್ ಸೇರಿಸಿ, ಮೆಲಡಿಗಿಂತ ಒಂದು ಮೆಟ್ಟಿಲು ಕೆಳಗೆ.

ಉಂಗುರ ಬೆರಳಿಗೆ ರೆಸ್ಟ್ ಸ್ಟ್ರೋಕ್ ಕೊಟ್ಟು ನೋಡಬಹುದು. ರೆಸ್ಟ್ ಸ್ಟ್ರೋಕ್ ಎಂದರೆ ಮೀಟಿದ ಬೆರಳು ಪಕ್ಕದ ತಂತಿಯ ಮೇಲೆ ಬಂದು ಕೂರುವುದು, ನಾದ ತುಂಬಿಕೊಂಡು ಬರುತ್ತದೆ. ಫ್ರೀ ಸ್ಟ್ರೋಕ್ ಎಂದರೆ ಬೆರಳು ಪಕ್ಕದ ತಂತಿಯನ್ನು ಮುಟ್ಟದೆ ಅಂಗೈ ಕಡೆಗೆ ಹೋಗುವುದು. ಎಚ್ಚರಿಕೆ: 1ನೇ ತಂತಿಯಲ್ಲಿ ರೆಸ್ಟ್ ಸ್ಟ್ರೋಕ್ ಮಾಡಿದರೆ ಬೆರಳು 2ನೇ ತಂತಿಯ ಮೇಲೆ ಕೂರುತ್ತದೆ, ಅಲ್ಲಿ ಮೊಳಗುತ್ತಿದ್ದ ಸ್ವರ ಸಾಯುತ್ತದೆ. ಬೇಗ ಬೆರಳು ಎತ್ತಲು ಆಗದಿದ್ದರೆ ಫ್ರೀ ಸ್ಟ್ರೋಕ್‌ನಲ್ಲೇ ಉಂಗುರ ಬೆರಳನ್ನು ತಂತಿಯೊಳಗೆ ತುಸು ಹೆಚ್ಚು ಒತ್ತಿ ಬಿಡಿ.

ಮೆಲಡಿ ಯಾವಾಗಲೂ ಮೇಲೆಯೇ ಇರುವುದಿಲ್ಲ. ಹೆಯ್ಟರ್ ವಿಲ್ಲಾ ಲೋಬೋಸ್ (1887–1959) ಅವರ 1ನೇ ಪ್ರಿಲ್ಯೂಡ್‌ನಲ್ಲಿ ಹಾಡುವುದು ಕೆಳಗಿನ ತಂತಿಗಳು. ಅಂಥ ಕಡೆ ಹೆಬ್ಬೆರಳು ಹಾಡುಗಾರನಾಗುತ್ತದೆ, ಮೇಲಿನ ಕಾರ್ಡ್‌ಗಳು ಹಿಂದೆ ಸರಿಯಬೇಕು.

ಹಂತ 6: ತೀರ್ಮಾನಗಳನ್ನು ಕೈಗೆ ಇಳಿಸಿ

ಹಾಡಿದ್ದನ್ನು ಗಿಟಾರಿನಲ್ಲಿ ತರಲು ನಿಮ್ಮ ಬಳಿ ಐದು ಸಾಧನಗಳಿವೆ. ಎಲ್ಲವನ್ನೂ ಒಂದೇ ದಿನ ಹಚ್ಚಬೇಡಿ.

*ಜೋರು ಮತ್ತು ಮೆದು.* ಗಿಟಾರಿನ ಅತಿ ಜೋರು ಅಷ್ಟೇನೂ ಜೋರಲ್ಲ, ಬಲ ಹೆಚ್ಚಾದರೆ ತಂತಿ ಫ್ರೆಟ್‌ಗೆ ಬಡಿದು ಕಟಕಟ ಅನ್ನುತ್ತದೆ. ಆದ್ದರಿಂದ ವ್ಯತ್ಯಾಸ ಬೇಕೆಂದರೆ ಮೆದುವನ್ನು ಇನ್ನೂ ಮೆದು ಮಾಡಬೇಕು. ಮೆಟ್ರೊನೋಮ್ 60ಕ್ಕಿಟ್ಟು ಖಾಲಿ 1ನೇ ತಂತಿಯನ್ನು 8 ಸಲ ಮೀಟಿ, ಅತಿ ಮೆದುವಿನಿಂದ ಅತಿ ಜೋರಿಗೆ ಏರಿ, ಮತ್ತೆ 8ರಲ್ಲಿ ಇಳಿಯಿರಿ. ಮೊದಮೊದಲು ನಾಲ್ಕನೇ ಹೊಡೆತಕ್ಕೇ ಜೋರು ಮುಗಿದುಹೋಗುತ್ತದೆ. 8 ಮೆಟ್ಟಿಲುಗಳು ಬೇರೆ ಬೇರೆ ಕೇಳುವವರೆಗೆ ಮಾಡಿ.

ಇನ್ನೊಂದು ಸೂಕ್ಷ್ಮ, ಇದನ್ನು ಹೇಳಿಕೊಡುವವರು ಕಡಿಮೆ. ಉದ್ದ ಸ್ವರ ನಿಧಾನಕ್ಕೆ ಕರಗಿರುತ್ತದೆ. ಅದರ ಮುಂದಿನ ಸ್ವರವನ್ನು ಮೊದಲಿನಷ್ಟೇ ಬಲದಿಂದ ಮೀಟಿದರೆ ಅದು ಗುದ್ದಿದಂತೆ ಕೇಳುತ್ತದೆ, ಫ್ರೇಸ್ ಮುರಿಯುತ್ತದೆ. ಉದ್ದ ಸ್ವರ ಎಷ್ಟಕ್ಕೆ ಕರಗಿದೆ ಎಂದು ಕೇಳಿಸಿಕೊಂಡು, ಆ ಮಟ್ಟದಿಂದ ಮುಂದಿನದನ್ನು ಶುರು ಮಾಡಿ. ಇದಕ್ಕೆ ಸ್ವರದ ಬಾಲವನ್ನೂ ಕೇಳುತ್ತಿರಬೇಕಾಗುತ್ತದೆ. ಸಂಗೀತದ ಜೊತೆ ಮನಸ್ಸು ಸೇರುವುದು ಹೆಚ್ಚಾಗಿ ಈ ಕೇಳುವಿಕೆಯಲ್ಲೇ.

*ವೇಳೆ.* ತುದಿಯ ಸ್ವರದಲ್ಲಿ ಕೊಂಚ ತಂಗಿ, ಆಮೇಲೆ ಕಳೆದ ವೇಳೆಯನ್ನು ಹಿಂತಿರುಗಿಸುವುದಕ್ಕೆ ರುಬಾಟೊ ಎನ್ನುತ್ತಾರೆ. ಮೊದಲು ಕಟ್ಟುನಿಟ್ಟಾಗಿ ಮೆಟ್ರೊನೋಮ್ ಜೊತೆ ನುಡಿಸಲು ಬರಬೇಕು. ಆಮೇಲೆ ಬಾರಿಗೆ ಒಂದೇ ಹೊಡೆತ ಬರುವಂತೆ ಮೆಟ್ರೊನೋಮ್ ಇಟ್ಟು, ಬಾರಿನೊಳಗೆ ಎಳೆದು ಸಡಿಲಿಸಿ, ಹೊಡೆತಕ್ಕೆ ಸರಿಯಾಗಿ ಬಂದು ಸೇರಿ. ಎರಡು ಬಾರಿಗೆ ಒಂದು ಹೊಡೆತ ಮುಂದಿನ ಮೆಟ್ಟಿಲು.

ಇಲ್ಲಿನ ದೊಡ್ಡ ಬಲೆ: ಕೈ ಹಾರುವ ಕಡೆ ಆಗುವ ತಡವನ್ನು ಭಾವ ಎಂದುಕೊಳ್ಳುವುದು. ರೊಮಾನ್ಸ್‌ನಲ್ಲಿ 7ನೇ ಫ್ರೆಟ್‌ನಿಂದ 12ಕ್ಕೆ ಹಾರುವಾಗ ಬಹುತೇಕರು ನಿಲ್ಲುತ್ತಾರೆ. ಪರೀಕ್ಷೆ ಸುಲಭ. ಅಲ್ಲಿ ತಡ ಮಾಡದೆಯೂ ನುಡಿಸಬಲ್ಲಿರಾ? ಬಲ್ಲಿರಾದರೆ ಆ ತಡ ನಿಮ್ಮ ಆಯ್ಕೆ. ಇಲ್ಲವಾದರೆ ಅದು ಕೈಯ ತೊಂದರೆ. ಆಗ ಹಾರುವ ಮುಂಚಿನ ಜೊತೆಸ್ವರಗಳನ್ನು ಗಮನಿಸಿ, ಅವೆರಡೂ ಖಾಲಿ ತಂತಿಗಳು. ಅವು ಮೊಳಗುತ್ತಿರುವಾಗಲೇ ಎಡಗೈ ಹೊರಡಬಹುದು, ಕಣ್ಣು ಅದಕ್ಕೂ ಮುಂಚೆ 12ನೇ ಫ್ರೆಟ್ ನೋಡುತ್ತಿರಬೇಕು.

*ನಾದದ ಬಣ್ಣ.* ತಂತಿಯನ್ನು ಅದರ ನಡುವಿನ ಹತ್ತಿರ ಮೀಟಿದಷ್ಟೂ ಮೇಲಿನ ಅನುರಣನ ಸ್ವರಗಳು ಕಡಿಮೆಯಾಗಿ ನಾದ ದುಂಡಗಾಗುತ್ತದೆ. ಸೇತುವೆಯ ಕಡೆಗೆ, ಅಂದರೆ ತಂತಿ ಕಟ್ಟಿರುವ ಮರದ ಪಟ್ಟಿಯ ಕಡೆಗೆ ಹೋದಷ್ಟೂ ಅವು ಹೆಚ್ಚಾಗಿ ನಾದ ತೆಳುವಾಗಿ, ಚೂಪಾಗುತ್ತದೆ. ಒಂದೇ ಫ್ರೇಸನ್ನು ಮೂರು ಜಾಗದಲ್ಲಿ ನುಡಿಸಿ: ಫ್ರೆಟ್‌ಬೋರ್ಡ್ ಮುಗಿಯುವ ಅಂಚಿನ ಮೇಲೆ, ನಾದರಂಧ್ರದ ಹಿಂಬದಿ ಅಂಚಿನಲ್ಲಿ, ಸೇತುವೆಯಿಂದ ಮೂರು ನಾಲ್ಕು ಬೆರಳು ದೂರದಲ್ಲಿ. ಕೈಯನ್ನು ಮೊಣಕೈಯಿಂದ ಸರಿಸಿ, ಮಣಿಕಟ್ಟು ತಿರುಚಬೇಡಿ. ಒಂದೇ ಸ್ವರ ಬೇರೆ ತಂತಿಯಲ್ಲೂ ಸಿಗುತ್ತದೆ. 1ನೇ ಖಾಲಿ ತಂತಿಯ ಇ, 2ನೇ ತಂತಿಯ 5ನೇ ಫ್ರೆಟ್‌ನಲ್ಲೂ 3ನೇ ತಂತಿಯ 9ನೇ ಫ್ರೆಟ್‌ನಲ್ಲೂ ಇದೆ. ಮೂರನ್ನೂ ಮೀಟಿ ಕೇಳಿ, ಖಾಲಿ ತಂತಿಯದು ತಿಳಿ, 3ನೇ ತಂತಿಯದು ದಟ್ಟ. ಬಣ್ಣವನ್ನು ಫ್ರೇಸಿನ ಆರಂಭದಲ್ಲಿ ಬದಲಿಸಿ, ನಡುವೆ ಬದಲಿಸಿದರೆ ಇನ್ನಾರೋ ಬಂದು ಹಾಡಿದಂತಾಗುತ್ತದೆ.

*ವೈಬ್ರಾಟೊ.* ಒತ್ತಿದ ಬೆರಳನ್ನು ತಂತಿಯ ಉದ್ದಕ್ಕೆ, ಎಡಕ್ಕೂ ಬಲಕ್ಕೂ ತೂಗಿದಾಗ ಶ್ರುತಿ ಸ್ವಲ್ಪ ಮೇಲೆ ಕೆಳಗೆ ಆಡುತ್ತದೆ. ಬೆರಳ ತುದಿ ಜಾರಬಾರದು, ತೂಗಾಟ ಮುಂಗೈಯಿಂದ ಬರಬೇಕು. 5ರಿಂದ 9ನೇ ಫ್ರೆಟ್ ಸುತ್ತ ಇದು ಸುಲಭ, 1ನೇ ಫ್ರೆಟ್‌ನಲ್ಲಿ ಏನೂ ಕೇಳದು. ಮೆಟ್ರೊನೋಮ್ 60ಕ್ಕೆ ಹೊಡೆತಕ್ಕೆ 2, ಆಮೇಲೆ 3, ಆಮೇಲೆ 4 ತೂಗಾಟ ಅಭ್ಯಾಸ ಮಾಡಿ. ಹೆಬ್ಬೆರಳು ಹಿಂದಿನಿಂದ ಬಿಗಿಯಾಗಿ ಹಿಡಿದಿದ್ದರೆ ಕೈ ಅಲ್ಲಾಡುವುದೇ ಇಲ್ಲ. ಎಲ್ಲ ಸ್ವರಕ್ಕೂ ಹಚ್ಚಿದರೆ ಅದಕ್ಕೆ ಬೆಲೆ ಉಳಿಯದು. ಫ್ರೇಸಿಗೆ ಒಂದು, ಹೆಚ್ಚೆಂದರೆ ಎರಡು ಸ್ವರ.

*ಮೌನ.* ಸ್ವರವನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದೂ ಭಾವವೇ. ಖಾಲಿ ಬೇಸ್ ತಂತಿ ತಾನಾಗಿ ನಿಲ್ಲುವುದಿಲ್ಲ. ಎ ಮೈನರ್ ಬಂದ ಮೇಲೂ ಹಿಂದಿನ 6ನೇ ತಂತಿ ಮೊಳಗುತ್ತಿದ್ದರೆ ಕೆಳಗೆ ಕೆಸರಾಗುತ್ತದೆ, ಬೆಳಕು ಬದಲಾದದ್ದು ಕೇಳುವವರಿಗೆ ತಿಳಿಯುವುದೇ ಇಲ್ಲ. 5ನೇ ತಂತಿ ಮೀಟಿದ ಕೂಡಲೇ ಹೆಬ್ಬೆರಳನ್ನು ಹಿಂತಂದು 6ನೇ ತಂತಿಯ ಮೇಲಿಡಿ. ವಿಶ್ರಾಂತಿ ಚಿಹ್ನೆ ಇರುವ ಕಡೆ ನಿಜವಾಗಿ ಸದ್ದು ನಿಲ್ಲಲಿ.

ಹಂತ 7: ಅತಿ ಮಾಡಿ, ರೆಕಾರ್ಡ್ ಮಾಡಿ, ತಿದ್ದಿ

ಒಂದು ಫ್ರೇಸನ್ನು ಮೂರು ರೀತಿ ನುಡಿಸಿ. ಒಮ್ಮೆ ಏನೂ ಏರಿಳಿತವಿಲ್ಲದೆ. ಒಮ್ಮೆ ನಾಚಿಕೆಯಾಗುವಷ್ಟು ಅತಿಯಾಗಿ. ಒಮ್ಮೆ ನಿಮಗೆ ಸರಿ ಎನಿಸಿದಷ್ಟು. ಮೂರನ್ನೂ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಅತಿ ಎನಿಸಿದ್ದೇ ಕೇಳುವ ಕಿವಿಗೆ ಸಹಜವಾಗಿರುವುದು ಬಹಳ ಸಾಮಾನ್ಯ. ನುಡಿಸುವಾಗ ನಿಮ್ಮ ಕಿವಿ ಗಿಟಾರಿಗೆ ತೀರ ಹತ್ತಿರ, ಜೊತೆಗೆ ಒಳಗಿನ ಭಾವವೂ ಸೇರಿಕೊಂಡು ಎಲ್ಲ ದೊಡ್ಡದಾಗಿ ಕೇಳುತ್ತದೆ.

ಈಗ ಖಾಲಿ ಪ್ರತಿ ತೆಗೆದುಕೊಳ್ಳಿ. ರೆಕಾರ್ಡಿಂಗ್ ಕೇಳುತ್ತಾ, ಬೇರೆಯವರದ್ದನ್ನು ಕೇಳುತ್ತಿರುವಂತೆ, ಎಲ್ಲಿ ಏರಿತು, ಎಲ್ಲಿ ಇಳಿಯಿತು, ಎಲ್ಲಿ ತಡವಾಯಿತು ಎಂದು ಗುರುತು ಹಾಕಿ. ಆಮೇಲೆ ಮೊದಲ ಪ್ರತಿಯೊಂದಿಗೆ ಹೋಲಿಸಿ. ಎರಡೂ ಹೊಂದದ ಬಾರ್‌ಗಳೇ ನಾಳೆಯ ಅಭ್ಯಾಸ.

ಮುಖದಲ್ಲಿ, ತಲೆಯ ಅಲ್ಲಾಟದಲ್ಲಿ ಭಾವವೆಲ್ಲ ಖರ್ಚಾಗಿ ತಂತಿಗೆ ಏನೂ ತಲುಪದಿರುವುದನ್ನು ಹಿಡಿದುಕೊಡುವುದೂ ರೆಕಾರ್ಡಿಂಗ್ ಒಂದೇ. ಹಾಗಾಗಿ ವಿಡಿಯೊ ಬೇಡ, ಧ್ವನಿ ಸಾಕು.

ಬೇರೆ ಕಲಾವಿದರ ರೆಕಾರ್ಡಿಂಗ್ ಕೇಳುವುದನ್ನು ಇಲ್ಲಿಯವರೆಗೆ ತಡೆದಿಟ್ಟುಕೊಳ್ಳಿ. ನಿಮ್ಮ ಯೋಜನೆ ಸಿದ್ಧವಾದ ಮೇಲೆ ಒಂದೇ ಕೃತಿಯನ್ನು ಮೂವರು ನುಡಿಸಿದ್ದನ್ನು ಕೇಳಿ. ಒಬ್ಬರನ್ನೇ ಕೇಳಿದರೆ ಅವರ ತಡಗಳೆಲ್ಲ ನಿಮಗೆ ಅಂಟಿಕೊಳ್ಳುತ್ತವೆ.

ಹಂತ 8: ಮೈ ಮತ್ತು ಉಸಿರು

ಕಷ್ಟದ ಜಾಗ ಬಂದಾಗ ಉಸಿರು ನಿಲ್ಲುತ್ತದೆ, ದವಡೆ ಬಿಗಿಯುತ್ತದೆ, ಬಲ ಭುಜ ಏರುತ್ತದೆ. ಆಗ ಬೆರಳು ತಂತಿಯನ್ನು ಕಿತ್ತಂತೆ ಮೀಟುತ್ತದೆ, ನಾದ ಗಡುಸಾಗುತ್ತದೆ. ರೊಮಾನ್ಸ್‌ನಲ್ಲಿ 10ನೇ ಬಾರ್ ಇದಕ್ಕೆ ಒಳ್ಳೆಯ ಉದಾಹರಣೆ. 7ನೇ ಫ್ರೆಟ್‌ನಲ್ಲಿ ಬಾರೆ ಹಿಡಿದು ಕಿರುಬೆರಳನ್ನು 11ಕ್ಕೆ ಚಾಚಬೇಕು. ಸಂಗೀತ ಅತ್ಯಂತ ಬಿಗಿಯಾಗುವ ಕಡೆಯೇ ಕೈ ಕೂಡ ಬಿಗಿಯುತ್ತದೆ. ಬಿಗಿ ಸಂಗೀತದಲ್ಲಿರಲಿ, ಕೈಯಲ್ಲಿ ಬೇಡ. ಬಾರೆಗೆ ಎಷ್ಟು ಒತ್ತಡ ಸಾಕು ಎಂದು ಪರೀಕ್ಷಿಸಿ: ಸ್ವರ ಸಾಯುವವರೆಗೆ ಬೆರಳು ಸಡಿಲಿಸಿ, ಮತ್ತೆ ಸ್ವರ ಬರುವಷ್ಟೇ ಒತ್ತಿ. ಆ ಕ್ಷಣದ ಒತ್ತಡ ಸಾಕು. ಹೆಬ್ಬೆರಳು ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸಿ, ನೋವಿನ ಮೇಲೆ ಅಭ್ಯಾಸ ಬೇಡ.

2ನೇ ಹಂತದಲ್ಲಿ ಹಾಕಿದ ಅಲ್ಪವಿರಾಮಗಳಲ್ಲಿ, ನುಡಿಸುವಾಗಲೂ ಉಸಿರು ತೆಗೆದುಕೊಳ್ಳಿ. ಮೊದಲ ಸ್ವರಕ್ಕೆ ಮುಂಚೆ ಒಂದು ಎಣಿಕೆ ಉಸಿರೆಳೆದು, ಬಿಡುತ್ತಾ ಮೀಟಿ.

ಹಂತ 9: ದಿನದ ಅಭ್ಯಾಸದೊಳಗೆ ಸೇರಿಸಿ

45 ನಿಮಿಷ ಇದ್ದರೆ ಹೀಗೆ ಹಂಚಿಕೊಳ್ಳಬಹುದು: 8 ನಿಮಿಷ ನಾದದ ಅಭ್ಯಾಸ (8 ಮೆಟ್ಟಿಲಿನ ಏರಿಳಿತ, ವೈಬ್ರಾಟೊ), 5 ನಿಮಿಷ ಹಾಡುವುದು, 20 ನಿಮಿಷ ಎರಡೇ ಫ್ರೇಸ್, 7 ನಿಮಿಷ ರೆಕಾರ್ಡ್ ಮಾಡಿ ಕೇಳುವುದು, ಉಳಿದ 5 ನಿಮಿಷ ಕೃತಿಯನ್ನು ಪೂರ್ತಿ ನಿಲ್ಲದೆ ನುಡಿಸುವುದು.

ಹೊಸ ಕೃತಿಯಲ್ಲೂ ಕೈ ಕಲಿಯುವ ಮೊದಲ ದಿನದಿಂದಲೇ ಏರಿಳಿತ ಇರಲಿ, ಎಷ್ಟೇ ನಿಧಾನವಾಗಿದ್ದರೂ. 50 ಸಲ ಚಪ್ಪಟೆಯಾಗಿ ನುಡಿಸಿದ ಕೈಗೆ ಚಪ್ಪಟೆಯಾಗಿ ನುಡಿಸುವುದೇ ಪಾಠವಾಗಿರುತ್ತದೆ, ಆಮೇಲೆ ಅದನ್ನು ಅಳಿಸುವ ಕೆಲಸ ಕಲಿಯುವುದಕ್ಕಿಂತ ದೊಡ್ಡದು. ನಿಧಾನವಾಗಿ ನುಡಿಸುವಾಗ ಏರಿಳಿತದ ಮೆಟ್ಟಿಲುಗಳೂ ಸ್ಪಷ್ಟವಾಗಿ ಕೇಳುತ್ತವೆ.

ಹಂತ 10: ನಿಲ್ಲದೆ ನುಡಿಸುವಾಗ ಗಮನ ಎಲ್ಲಿಡಬೇಕು

ಪೂರ್ತಿ ನುಡಿಸುವಾಗ ಹಾಕಿದ ಗುರುತುಗಳನ್ನೆಲ್ಲ ನೆನಪಿಡಲು ಹೋಗಬೇಡಿ. ಒಂದೇ ಕೆಲಸ ಇಟ್ಟುಕೊಳ್ಳಿ: ಮೆಲಡಿಯನ್ನು ಒಳಗೆ ಹಾಡುತ್ತಾ ಹೋಗುವುದು, ಕೈಗಿಂತ ಒಂದು ಎಣಿಕೆ ಮುಂದೆ. ತಪ್ಪಾದರೆ ಹಿಂತಿರುಗಬೇಡಿ, ಒಳಗಿನ ಹಾಡು ಎಲ್ಲಿದೆಯೋ ಅಲ್ಲಿಗೆ ಕೈ ಹೋಗಿ ಸೇರಿಕೊಳ್ಳಲಿ. ವಾರಕ್ಕೊಮ್ಮೆಯಾದರೂ ಒಬ್ಬರ ಮುಂದೆ ನುಡಿಸಿ. "ಚೆನ್ನಾಗಿತ್ತೇ?" ಎಂದು ಕೇಳಬೇಡಿ, "ಯಾವ ಜಾಗ ನೆನಪಿನಲ್ಲಿ ಉಳಿಯಿತು?" ಎಂದು ಕೇಳಿ. ಅವರು ಹೇಳಿದ ಜಾಗ ನೀವು ಸುತ್ತು ಹಾಕಿದ ಸ್ವರದ ಹತ್ತಿರ ಇದ್ದರೆ ಮಾಡಿದ ಕೆಲಸ ತಲುಪಿದೆ.

ಎಷ್ಟು ಮಾಡಿದರೂ ಏನೂ ಅನಿಸದ ದಿನ

ಅಂಥ ದಿನಗಳು ಬರುತ್ತವೆ. ಆಗ ಭಾವವನ್ನು ಒತ್ತಾಯದಿಂದ ಎಳೆಯಲು ಹೋದರೆ ಲಯ ಕೆಡುತ್ತದೆ, ವೈಬ್ರಾಟೊ ಅತಿಯಾಗುತ್ತದೆ. ನಿಮ್ಮ ಗುರುತುಗಳನ್ನು ನಂಬಿ, ಅವುಗಳಂತೆ ನುಡಿಸಿ. ನಿಮಗೆ ಏನೂ ಅನಿಸದಿದ್ದರೂ ಕೇಳುವವರಿಗೆ ಫ್ರೇಸ್ ಕೇಳುತ್ತದೆ, ಎಷ್ಟೋ ಸಲ ನುಡಿಸುತ್ತಾ ನುಡಿಸುತ್ತಾ ಮನಸ್ಸು ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ.

ಅದೇ ಕೃತಿ ವಾರಗಟ್ಟಲೆ ನೀರಸವಾಗಿಯೇ ಇದ್ದರೆ ಎರಡು ವಾರ ಪೂರ್ತಿ ಬಿಟ್ಟುಬಿಡಿ. ಮರಳಿ ಬಂದಾಗ ಹಳೆಯ ಗುರುತಿನ ಪ್ರತಿಯನ್ನು ಮುಚ್ಚಿಟ್ಟು, ಹೊಸ ಪ್ರತಿ ತೆಗೆದುಕೊಂಡು 2ನೇ ಹಂತದಿಂದ, ಹಾಡುವುದರಿಂದಲೇ ಮತ್ತೆ ಶುರು ಮಾಡಿ. ಉಸಿರಿನ ಗುರುತುಗಳು ಈ ಸಲ ಬೇರೆ ಕಡೆ ಬಿದ್ದರೆ ಹಳೆಯದಕ್ಕೆ ತಿದ್ದಬೇಡಿ, ಹೊಸದನ್ನೇ ನುಡಿಸಿ.